ಮೂತಿ ಒಳಗೆ ಬರಲ್ಲ, ಹಿಂಬದಿ ನಿಲ್ಲಲ್ಲ: ರೇಸ್ ಕಾರಿನ ವೀಲ್ ಅಲೈನ್‌ಮೆಂಟ್ ದೋಷ ಹುಡುಕುವ ಬಗೆ

ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳದಿದ್ದರೆ ಎಲ್ಲರ ಬಾಯಲ್ಲೂ ಬರುವ ಮೊದಲ ತೀರ್ಪು "ಅಲೈನ್‌ಮೆಂಟ್ ಹೋಗಿದೆ" ಎಂಬುದು. ಹಲವು ಸಲ ಅದು ನಿಜವೂ ಹೌದು. ಆದರೆ ಸವೆದ ಬುಷ್ (ಕೀಲಿನ ರಬ್ಬರ್), ಆಟ ಬಂದ ಅಂದರೆ ಸಡಿಲವಾಗಿ ಅಲ್ಲಾಡುವ ಬಾಲ್ ಜಾಯಿಂಟ್, ಗಾಳಿ ಹೆಚ್ಚುಕಡಿಮೆಯಾದ ಟೈರ್ ಇವೆಲ್ಲ ತೋರಿಸುವ ಲಕ್ಷಣವೂ ಅದೇ ಆಗಿರುತ್ತದೆ. ಸಡಿಲವಾದ ಗಾಡಿಗೆ ಎಷ್ಟು ನಿಖರವಾಗಿ ಕೋನ ಹೊಂದಿಸಿದರೂ ಮೊದಲ ಗುಂಡಿಯಲ್ಲೇ ಅದು ಬದಲಾಗುತ್ತದೆ. ಹಾಗಾಗಿ ಇಲ್ಲಿ ಸ್ಪ್ಯಾನರ್ ಹಿಡಿಯುವ ಕೆಲಸ ಕೊನೆಗೆ ಬರುತ್ತದೆ.

ಮೈಸೂರು, ಮಂಡ್ಯ ಕಡೆಯ ಮಣ್ಣಿನ ಆಟೋಕ್ರಾಸ್‌ಗೆ (ಗಡಿಯಾರದ ವಿರುದ್ಧ ಓಡಿಸುವ ಕಿರು ಓಟಕ್ಕೆ) ಇಳಿಯುವ, ಆಗೊಮ್ಮೆ ಈಗೊಮ್ಮೆ ಕೊಯಮತ್ತೂರು ಅಥವಾ ಚೆನ್ನೈನ ಡಾಂಬರು ಟ್ರ್ಯಾಕ್‌ಗೂ ಹೋಗಿಬರುವ ಸ್ವಿಫ್ಟ್, ಪೋಲೊ ಥರದ ಗಾಡಿಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಅಂದರೆ ಮುಂದಿನ ಚಕ್ರಕ್ಕೆ ಎಂಜಿನ್ ಬಲ, ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಒಂದೇ ಕಂಬ), ಹಿಂದೆ ಟಾರ್ಷನ್ ಬೀಮ್ (ಎರಡು ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳಬಲ್ಲ ಅಡ್ಡ ತೊಲೆ). ಜಿಪ್ಸಿಯಂಥ ಗಟ್ಟಿ ಆಕ್ಸಲ್ ಗಾಡಿಗೆ ಕ್ಯಾಂಬರ್ ಬದಲಿಸುವ ಮಾತು ಅನ್ವಯಿಸುವುದಿಲ್ಲ, ಮುಂದಿನ ಟೋ ಮತ್ತು ಸಡಿಲ ಭಾಗಗಳ ಪರೀಕ್ಷೆ ಅನ್ವಯಿಸುತ್ತದೆ.

ಮೂರು ಕೋನಗಳ ಪರಿಚಯ ಮೊದಲೇ ಇರಲಿ. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂದಿನ ಅಂಚು ಒಳಮುಖವಾಗಿದ್ದರೆ ಟೋ-ಇನ್, ಹೊರಮುಖವಾಗಿದ್ದರೆ ಟೋ-ಔಟ್. ಗಾಡಿಯ ಎದುರು ನಿಂತು ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ನೆಗೆಟಿವ್ ಕ್ಯಾಂಬರ್. ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಕೀಲಿನ ಗೆರೆ ಹಿಂದಕ್ಕೆ ಎಷ್ಟು ವಾಲಿದೆ ಎಂಬುದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ವಾಲಿಕೊಂಡಿರುವುದು ಇದೇ ಕಾರಣಕ್ಕೆ. ಚಕ್ರ ತಾನಾಗಿಯೇ ನೇರಕ್ಕೆ ಮರಳಬೇಕು.

ಯಾವ ಲಕ್ಷಣವಾದರೂ ಸರಿ, ಮೊದಲು ಇವಿಷ್ಟು

ರಿಮ್ ಒಳಮೈ ತೊಳೆಯಿರಿ. ಮಳೆ ಬಿದ್ದ ಕೆಂಪು ಮಣ್ಣಿನ ಟ್ರ್ಯಾಕ್‌ನಲ್ಲಿ ಓಡಿದ ಗಾಡಿಯ ರಿಮ್ ಒಳಗೆ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಎಪ್ಪತ್ತು ಎಂಬತ್ತರ ವೇಗದಲ್ಲಿ ಸ್ಟಿಯರಿಂಗ್ ನಡುಗುವುದಕ್ಕೆ ಇದೊಂದೇ ಸಾಕು. ಖರ್ಚು ಒಂದು ಬಕೆಟ್ ನೀರು.

ಟೈರ್ ತಣ್ಣಗಿರುವಾಗ ನಾಲ್ಕಕ್ಕೂ ಒಂದೇ ಗೇಜ್‌ನಲ್ಲಿ ಗಾಳಿ ಅಳೆಯಿರಿ. ಬಂಕ್‌ನಿಂದ ಬಂಕ್‌ಗೆ ಗೇಜ್ ಬೇರೆ ಬೇರೆ ತೋರಿಸುತ್ತದೆ, ಸ್ವಂತದ್ದೊಂದು ಇಟ್ಟುಕೊಳ್ಳಿ. ಗಾಡಿಯ ಒಂದು ಪಕ್ಕ ಬಿಸಿಲಿಗೆ ನಿಂತಿದ್ದರೆ ಆ ಕಡೆಯ ಟೈರ್ ಹೆಚ್ಚು ತೋರಿಸುತ್ತದೆ, ಆದ್ದರಿಂದ ನೆರಳಿಗೆ ತಂದು ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. ಒಂದೇ ಆಕ್ಸಲ್‌ನ ಎಡ ಬಲದ ನಡುವೆ 1 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಟೈರ್‌ನ ಅಳತೆ, ಕಂಪನಿ, ಸವೆತ ಎಡಬಲ ಒಂದೇ ಇದೆಯೇ ನೋಡಿ.

ಆಮೇಲೆ ಆಟ. ಜ್ಯಾಕ್ ಹಾಕಿ, ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ವೀಲ್ ಬೇರಿಂಗ್ ಅಥವಾ ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿದಿಡುವ ತೋಳಿನ) ಬಾಲ್ ಜಾಯಿಂಟ್. ಯಾವುದೆಂದು ತಿಳಿಯಲು ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. 3 ಮತ್ತು 9ರ ಜಾಗದಲ್ಲಿ ಮಾತ್ರ ಆಟ ಬಂದರೆ ಟೈ ರಾಡ್ ಎಂಡ್ (ಸ್ಟಿಯರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳಿನ ತುದಿಯ ಕೀಲು) ಅಥವಾ ಸ್ಟಿಯರಿಂಗ್ ರ‍್ಯಾಕ್. ಟೈ ರಾಡ್ ಎಂಡ್ ಮೇಲೆ ಬೆರಳಿಟ್ಟುಕೊಂಡು ಇನ್ನೊಬ್ಬರಿಂದ ಚಕ್ರ ಅಲ್ಲಾಡಿಸಿದರೆ ಆಟ ಬೆರಳಿಗೇ ಸಿಗುತ್ತದೆ.

ಲೋವರ್ ಆರ್ಮ್‌ನ ಹಿಂದಿನ ಬುಷ್ ನೋಡಲು ಚಕ್ರ ನೆಲಕ್ಕಿಳಿಸಿ. ಒಬ್ಬರು ಬ್ರೇಕ್ ಹಿಡಿದು ಕೂರಲಿ, ಇನ್ನೊಬ್ಬರು ಗಾಡಿಯನ್ನು ಹಿಂದು ಮುಂದಕ್ಕೆ ತಳ್ಳಲಿ. ಚಕ್ರದ ಕಮಾನಿನೊಳಗೆ ಚಕ್ರ ಹಿಂದು ಮುಂದೆ ಸರಿದರೆ ಬುಷ್ ಹರಿದಿದೆ. ನಮ್ಮ ಹಳ್ಳಿ ರಸ್ತೆಯ ಬಣ್ಣ ಬಳಿಯದ ಹಂಪ್‌ಗಳು ಮೊದಲು ತಿನ್ನುವುದು ಈ ಬುಷ್ಷನ್ನೇ.

ಇಷ್ಟರಲ್ಲಿ ಏನಾದರೂ ಸಿಕ್ಕರೆ ಅದನ್ನು ಬದಲಿಸುವವರೆಗೆ ಕೋನಗಳ ಮಾತು ಎತ್ತಬೇಡಿ.

ನೇರ ಹೋಗುವಾಗ ಒಂದು ಕಡೆಗೆ ಎಳೆಯುತ್ತದೆ

ನಮ್ಮ ರಸ್ತೆಗಳ ನಡು ಎತ್ತರ, ಎಡ ಅಂಚು ಇಳಿಜಾರು. ಎಡಕ್ಕೆ ಸ್ವಲ್ಪ ಎಳೆಯುವುದು ಸಹಜ, ದೋಷವಲ್ಲ. ಸಮತಟ್ಟಾದ, ಖಾಲಿ ಇರುವ, ಅನುಮತಿ ಪಡೆದ ಜಾಗದಲ್ಲಿ ಎರಡೂ ದಿಕ್ಕಿಗೆ ಓಡಿಸಿ ನೋಡಿ. ಎರಡು ದಿಕ್ಕಿನಲ್ಲೂ ಒಂದೇ ಕಡೆಗೆ ಎಳೆದರೆ ಮಾತ್ರ ಮುಂದುವರಿಯಿರಿ.

ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡಿ. ಒಂದೇ ದಿಕ್ಕಿಗೆ ತಿರುಗಬೇಕಾದ ಟೈರ್ ಆಗಿದ್ದರೂ ಈ ಪರೀಕ್ಷೆಯ ಮಟ್ಟಿಗೆ, ಒಣ ನೆಲದಲ್ಲಿ, ನಿಧಾನಕ್ಕೆ ಪರವಾಗಿಲ್ಲ. ಎಳೆತದ ದಿಕ್ಕು ಬದಲಾದರೆ ತಪ್ಪು ಟೈರ್‌ನದು. ಬದಲಾಗದಿದ್ದರೆ ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಓಡಿಸಿ ನಿಲ್ಲಿಸಿ, ಎರಡು ಕಡೆಯ ಡಿಸ್ಕ್ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ನೋಡಿ. ಕೈಯಿಂದ ಮುಟ್ಟಬೇಡಿ. ಒಂದು ಕಡೆ ಎದ್ದು ಕಾಣುವಷ್ಟು ಬಿಸಿ ಇದ್ದರೆ ಕ್ಯಾಲಿಪರ್ (ಡಿಸ್ಕನ್ನು ಒತ್ತುವ ಬ್ರೇಕ್ ಭಾಗ) ಹಿಡಿದುಕೊಂಡಿದೆ.

ಇವೆರಡೂ ಅಲ್ಲವಾದರೆ ಕೋನ. ಗಾಡಿ ಕ್ಯಾಂಬರ್ ಹೆಚ್ಚು ಪಾಸಿಟಿವ್ ಇರುವ ಕಡೆಗೆ, ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಎಳೆಯುತ್ತದೆ. ಎಡಬಲ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕೈಗೆ ಗೊತ್ತಾಗುತ್ತದೆ. ಮುಂದಿನ ಟೋ ತಪ್ಪಿದ್ದರೆ ಸಾಮಾನ್ಯವಾಗಿ ಎಳೆಯುವುದಿಲ್ಲ, ಎರಡು ಚಕ್ರಗಳು ಅದನ್ನು ತಮ್ಮಲ್ಲೇ ಹಂಚಿಕೊಳ್ಳುತ್ತವೆ. "ಎಳೀತಿದೆ, ಟೋ ಹಾಕಿ" ಎಂದು ಹೇಳಿ ಹಾಕಿಸಿದರೆ ದುಡ್ಡು ಹೋಗುತ್ತದೆ, ಎಳೆತ ಉಳಿಯುತ್ತದೆ.

ಬ್ರೇಕ್ ಹಿಡಿದಾಗ ಮಾತ್ರ ಎಳೆದರೆ ಕ್ಯಾಲಿಪರ್ ಅಥವಾ ಆರ್ಮ್ ಬುಷ್ ಕಡೆ ನೋಡಿ.

ಗಾಡಿ ನೇರ ಹೋಗುತ್ತದೆ, ಸ್ಟಿಯರಿಂಗ್ ಸೊಟ್ಟ

ಟೈ ರಾಡ್‌ಗಳನ್ನು ಎಡಬಲ ಸಮವಾಗಿ ತಿರುಗಿಸದಿದ್ದರೆ ಹೀಗಾಗುತ್ತದೆ. ಆದರೆ ಹಿಂದಿನ ಚಕ್ರಗಳು ಒಂದು ಕಡೆಗೆ ಮುಖ ಮಾಡಿದ್ದರೂ ಇದೇ ಲಕ್ಷಣ. ಗಾಡಿ ಓರೆಯಾಗಿ ಓಡುತ್ತಿರುತ್ತದೆ, ಚಾಲಕ ಅರಿವಿಲ್ಲದೆ ಸ್ಟಿಯರಿಂಗ್ ತಿರುಗಿಸಿ ಸರಿದೂಗಿಸುತ್ತಿರುತ್ತಾನೆ. ಇಂಥ ಗಾಡಿ ಎಡ ತಿರುವಿನಲ್ಲೊಂದು ಥರ, ಬಲ ತಿರುವಿನಲ್ಲೊಂದು ಥರ ವರ್ತಿಸುತ್ತದೆ. ಸುಮ್ಮನೆ ಸ್ಟಿಯರಿಂಗ್ ಬಿಚ್ಚಿ ನೇರ ಕೂರಿಸುವುದು ದೋಷ ಮುಚ್ಚಿಡುವ ಕೆಲಸ. ಹಿಂಬದಿ ಅಳೆಯಿರಿ.

ತಿರುವಿಗೆ ಮೂತಿ ಒಳಗೆ ಬರುವುದಿಲ್ಲ

ಇದು ಅತಿ ಹೆಚ್ಚು ಕೇಳುವ ದೂರು. ಅತಿ ಹೆಚ್ಚು ಬಾರಿ ತಪ್ಪು ಔಷಧ ಕೊಡುವ ದೂರೂ ಇದೇ. ಚಾಲಕರನ್ನು ಮೊದಲು ಕೇಳಬೇಕಾದ ಪ್ರಶ್ನೆ: ತಿರುವಿನ ಯಾವ ಜಾಗದಲ್ಲಿ? ಸ್ಟಿಯರಿಂಗ್ ತಿರುಗಿಸಿದ ಕ್ಷಣಕ್ಕೋ, ತಿರುವಿನ ನಡುವೆಯೋ, ಆಕ್ಸಿಲರೇಟರ್ ಒತ್ತಿ ಹೊರಬರುವಾಗಲೋ? ಮೂರಕ್ಕೂ ಅಂಡರ್‌ಸ್ಟಿಯರ್ ಎಂದೇ ಹೆಸರು, ಕಾರಣ ಮಾತ್ರ ಬೇರೆ.

ತಿರುಗಿಸಿದ ಕ್ಷಣಕ್ಕೆ ಮಂದವಾಗಿದ್ದು ಆಮೇಲೆ ಸರಿಹೋಗುತ್ತದೆ ಎಂದರೆ ಮುಂದಿನ ಟೋ-ಇನ್ ಹೆಚ್ಚಿದೆ. ರಸ್ತೆ ಗಾಡಿಗೆ ನೆಮ್ಮದಿ ಕೊಡುವ ಟೋ-ಇನ್ ರೇಸ್‌ಗೆ ಭಾರ. ಸೊನ್ನೆಗೆ ತನ್ನಿ, ಓಡಿಸಿ ನೋಡಿ. ಸಾಲದಿದ್ದರೆ ಎರಡೂ ಚಕ್ರ ಸೇರಿ ಒಟ್ಟು 1ರಿಂದ 2 ಮಿ.ಮೀ. ಟೋ-ಔಟ್. ಟೋ-ಔಟ್ ಇದ್ದಾಗ ಒಳಬದಿಯ ಚಕ್ರ ಮೊದಲೇ ತಿರುವಿನ ಕಡೆ ಮುಖ ಮಾಡಿರುತ್ತದೆ, ಹಾಗಾಗಿ ಮೂತಿ ಚುರುಕಾಗುತ್ತದೆ. 3 ಮಿ.ಮೀ. ದಾಟಿದರೆ ನೇರದಲ್ಲಿ ಗಾಡಿ ಅಲೆದಾಡತೊಡಗುತ್ತದೆ.

ತಿರುವಿನ ನಡುವೆ ಹೊರಕ್ಕೆ ಜಾರುತ್ತಾ ಹೋದರೆ ಟೋ ಮುಟ್ಟಬೇಡಿ, ಟೈರ್ ಓದಿ. ಸ್ಟ್ರಟ್ ಗಾಡಿ ವಾಲಿದಾಗ ಹೊರಬದಿಯ ಚಕ್ರವೂ ಅದರ ಜೊತೆ ಹೊರಕ್ಕೆ ವಾಲುತ್ತದೆ, ಭಾರವೆಲ್ಲ ಟೈರ್‌ನ ಹೊರ ಅಂಚಿಗೆ ಬೀಳುತ್ತದೆ. ಡಾಂಬರು ಟ್ರ್ಯಾಕ್‌ನಲ್ಲಿ ಕೆಲವು ಸುತ್ತು ಓಡಿಸಿ ಒಳಬಂದ ಕೂಡಲೇ, ಒಂದು ನಿಮಿಷದೊಳಗೆ, ಚುಚ್ಚಿ ಅಳೆಯುವ ಥರ್ಮಾಮೀಟರ್‌ನಿಂದ ಟೈರ್‌ನ ಒಳ, ನಡು, ಹೊರ ಮೂರು ಜಾಗದ ಬಿಸಿ ಬರೆದುಕೊಳ್ಳಿ. ಒಳ ಅಂಚು ಹೊರ ಅಂಚಿಗಿಂತ 5ರಿಂದ 8 ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದರೆ ಕ್ಯಾಂಬರ್ ಹತ್ತಿರದಲ್ಲಿದೆ. ಹೊರ ಅಂಚೇ ಹೆಚ್ಚು ಬಿಸಿ ಇದ್ದರೆ ನೆಗೆಟಿವ್ ಕ್ಯಾಂಬರ್ ಸಾಲದು, ಅರ್ಧ ಡಿಗ್ರಿ ಹೆಚ್ಚಿಸಿ. ನಡುಭಾಗ ಎರಡೂ ಅಂಚಿಗಿಂತ ಬಿಸಿ ಇದ್ದರೆ ಗಾಳಿ ಹೆಚ್ಚಾಗಿದೆ, ಎರಡೂ ಅಂಚಿಗಿಂತ ತಣ್ಣಗಿದ್ದರೆ ಗಾಳಿ ಸಾಲದು. ಗಾಳಿ ಮೊದಲು ಸರಿಮಾಡಿ, ಆಮೇಲೆ ಕ್ಯಾಂಬರ್. ಇದು ತಿರುವುಮುರುವಾದರೆ ಎರಡೂ ಹಾಳು.

ಆಟೋಕ್ರಾಸ್‌ನ ಒಂದು ಓಟ ಟೈರ್ ಬಿಸಿಯಾಗುವಷ್ಟು ಉದ್ದ ಇರುವುದಿಲ್ಲ. ಗಟ್ಟಿ ನೆಲವಾದರೆ ಸೀಮೆಸುಣ್ಣದಲ್ಲಿ ಟೈರ್‌ನ ಅಂಚಿನಿಂದ ಪಕ್ಕದ ಗೋಡೆಯವರೆಗೆ ಅಡ್ಡ ಗೆರೆ ಎಳೆದು ಓಡಿಸಿ. ಹಲವು ಟೈರ್‌ಗಳ ಭುಜದಲ್ಲಿ ಪುಟ್ಟ ತ್ರಿಕೋನದ ಗುರುತಿರುತ್ತದೆ. ಸುಣ್ಣ ಅದರ ತುದಿಯವರೆಗೆ ಅಳಿಸಿದ್ದರೆ ಸರಿ, ಅದನ್ನೂ ದಾಟಿ ಗೋಡೆಯ ಮೇಲೆ ಅಳಿಸಿದ್ದರೆ ಟೈರ್ ಮಗುಚುತ್ತಿದೆ: ಗಾಳಿ ಸಾಲದು ಅಥವಾ ಕ್ಯಾಂಬರ್ ಸಾಲದು. ಸಡಿಲ ಮಣ್ಣಿನಲ್ಲಿ ಸೀಮೆಸುಣ್ಣ ಏನನ್ನೂ ಹೇಳುವುದಿಲ್ಲ, ಅಲ್ಲಿ ಟೈರ್ ಬ್ಲಾಕ್‌ಗಳ ಅಂಚು ಎಲ್ಲಿ ಉರುಟಾಗಿದೆ ಎಂದು ನೋಡಬೇಕು.

ಆರಂಭಕ್ಕೆ ಒಂದು ಅಂದಾಜು: ಡಾಂಬರಿಗೆ ಮುಂದಿನ ಕ್ಯಾಂಬರ್ ಮೈನಸ್ 2ರಿಂದ 3 ಡಿಗ್ರಿ, ಮಣ್ಣಿಗೆ ಮೈನಸ್ ಅರ್ಧದಿಂದ ಒಂದೂವರೆ. ಮಣ್ಣಿನಲ್ಲಿ ಹಿಡಿತ ಕಡಿಮೆ, ಗಾಡಿ ವಾಲುವುದೂ ಕಡಿಮೆ. ಡಾಂಬರಿನ ಕ್ಯಾಂಬರ್ ಇಟ್ಟುಕೊಂಡೇ ಮಣ್ಣಿಗೆ ಇಳಿದರೆ ಟೈರ್‌ನ ಅರ್ಧ ಅಗಲ ಮಾತ್ರ ಕೆಲಸ ಮಾಡುತ್ತದೆ, ಮೂತಿ ಇನ್ನಷ್ಟು ಹೊರಗೆ ಹೋಗುತ್ತದೆ.

ಹೊರಬರುವಾಗ, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಮೂತಿ ಹೊರಗೆ ಹೋದರೆ ಒಳಬದಿ ಚಕ್ರ ಸುಮ್ಮನೆ ಸುತ್ತುತ್ತಿದೆಯೇ ನೋಡಿ. ಸುತ್ತುತ್ತಿದ್ದರೆ ಅದು ಡಿಫರೆನ್ಷಿಯಲ್, ಸ್ಪ್ರಿಂಗ್, ಆಂಟಿ-ರೋಲ್ ಬಾರ್‌ನ ವಿಷಯ. ಅಲೈನ್‌ಮೆಂಟ್‌ನಿಂದ ಅದು ಗುಣವಾಗುವುದಿಲ್ಲ.

ಇನ್ನೊಂದು ಮಾತು. ಗಾಡಿಯನ್ನು ತೀರಾ ತಗ್ಗಿಸಿದ್ದರೆ ಲೋವರ್ ಆರ್ಮ್ ಚಕ್ರದ ಕಡೆಗೆ ಮೇಲ್ಮುಖವಾಗಿ ನಿಂತಿರುತ್ತದೆ. ಆಗ ಸಸ್ಪೆನ್ಷನ್ ಒತ್ತಿದಷ್ಟೂ ಕ್ಯಾಂಬರ್ ಕಳೆದುಹೋಗುತ್ತದೆ. ಆರ್ಮ್ ಕನಿಷ್ಠ ನೆಲಕ್ಕೆ ಸಮಾನಾಂತರವಾಗಿರುವಷ್ಟು ಎತ್ತರಿಸಿ ನೋಡಿ. ಚಂದಕ್ಕಾಗಿ ತಗ್ಗಿಸಿದ ಗಾಡಿ ತಿರುವಿನಲ್ಲಿ ಸೋಲುವುದು ಇದಕ್ಕೇ.

ಹಿಂಬದಿ ಜಾರುತ್ತದೆ, ತಿರುಗಿ ನಿಲ್ಲುತ್ತದೆ

ಮೊದಲ ಓಟದಲ್ಲಿ ಮಾತ್ರ ಜಾರಿ ಆಮೇಲೆ ಸರಿಯಾದರೆ ಹಿಂದಿನ ಟೈರ್ ತಣ್ಣಗಿತ್ತು ಅಷ್ಟೆ. ಈ ಬಗೆಯ ಗಾಡಿಯಲ್ಲಿ ಹಿಂದಿನ ಟೈರ್ ನಿಧಾನಕ್ಕೆ ಬಿಸಿಯಾಗುತ್ತದೆ. ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ಬಿಗಿ ಇದ್ದರೆ ಹ್ಯಾಂಡ್‌ಬ್ರೇಕ್ ಕೇಬಲ್ ಹೆಚ್ಚು ಎಳೆದಿದೆ, ಅದೂ ಜಾರಿಸುತ್ತದೆ.

ಬ್ರೇಕ್ ಹಿಡಿದು ತಿರುವಿಗೆ ಇಳಿಯುವಾಗ, ಇಲ್ಲವೇ ನಡುವೆ ಆಕ್ಸಿಲರೇಟರ್ ಬಿಟ್ಟಾಗ ಹಿಂಬದಿ ಹಠಾತ್ತಾಗಿ ಕಿತ್ತುಕೊಂಡರೆ ಹಿಂದಿನ ಟೋ-ಔಟ್ ಮೇಲೆ ಅನುಮಾನಪಡಿ. ಹಿಂದೆ ಟೋ-ಔಟ್ ಇದ್ದರೆ ಭಾರ ಬಿದ್ದ ಹೊರಚಕ್ರ ಗಾಡಿಯ ಹಿಂಬದಿಯನ್ನು ತಿರುವಿನಿಂದ ಆಚೆಗೆ ನಡೆಸುತ್ತದೆ. ಸ್ವಲ್ಪ ಟೋ-ಔಟ್ ಮೂತಿ ತಿರುಗಲು ಸಹಾಯ ಮಾಡುತ್ತದೆ ಎಂದು ಬೇಕೆಂದೇ ಇಡುವವರಿದ್ದಾರೆ. ನಿಧಾನದ, ಕಿರಿದಾದ ಆಟೋಕ್ರಾಸ್‌ನಲ್ಲಿ ಪಳಗಿದ ಕೈಗೆ ಅದು ಸರಿ. ವೇಗದ ಟ್ರ್ಯಾಕ್‌ಗೆ ಬೇಡವೇ ಬೇಡ. ಅಲ್ಲಿ ಹಿಂದೆ ಒಟ್ಟು ಸೊನ್ನೆಯಿಂದ 2 ಮಿ.ಮೀ. ಟೋ-ಇನ್ ಇರಲಿ.

ಟಾರ್ಷನ್ ಬೀಮ್‌ನಲ್ಲಿ ಟೋ ಬದಲಿಸುವ ಬೋಲ್ಟ್ ಇರುವುದಿಲ್ಲ. ಒಂದು ಕಡೆ ಮಾತ್ರ ಅಳತೆ ಬೇರೆ ಬಂದರೆ ಬೀಮ್ ಅಥವಾ ಸ್ಟಬ್ ಆಕ್ಸಲ್ (ಚಕ್ರ ಕೂರುವ ಗಿಡ್ಡ ಅಚ್ಚು) ಬಗ್ಗಿದೆ ಎಂದರ್ಥ. ಕಲ್ಲಿಗೆ, ಗುಂಡಿಗೆ ಅಡ್ಡ ಹೊಡೆದ ಗಾಡಿಯಲ್ಲಿ ಇದು ಸಾಮಾನ್ಯ. ಬಗ್ಗಿದ್ದನ್ನು ಬದಲಿಸಬೇಕು, ಬಿಸಿಮಾಡಿ ಬಗ್ಗಿಸಬಾರದು. ಎರಡು ಕಡೆಯೂ ಸಮವಾಗಿ ತಪ್ಪಿದ್ದರೆ ಸ್ಟಬ್ ಆಕ್ಸಲ್ ಮತ್ತು ಬೀಮ್ ನಡುವೆ ಓರೆ ಶಿಮ್ (ತೆಳು ಲೋಹದ ತಗಡು) ಹಾಕಬಹುದು. ಶಿಮ್ ಹಾಕಿದಷ್ಟು ಬೋಲ್ಟ್ ಒಳಗೆ ಕಚ್ಚುವುದು ಕಡಿಮೆಯಾಗುತ್ತದೆ, ಉದ್ದದ ಬೋಲ್ಟ್ ಬೇಕಾದೀತು. ಎಬಿಎಸ್ ಸೆನ್ಸರ್ ಅಂತರವನ್ನೂ ನೋಡಿ.

ನೇರದಲ್ಲಿ ಅಲೆದಾಡುತ್ತದೆ, ಗುಂಡಿ ಬಂದರೆ ತಾನೇ ತಿರುಗುತ್ತದೆ

ಮುಂದೆ ಟೋ-ಔಟ್ ಹೆಚ್ಚು, ಅಥವಾ ಕ್ಯಾಸ್ಟರ್ ಕಡಿಮೆ. ಕ್ಯಾಸ್ಟರ್ ಕಡಿಮೆಯಾಗಿದ್ದರೆ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ಮರಳುವುದೂ ಸೋಮಾರಿಯಾಗಿರುತ್ತದೆ. 4ರಿಂದ 6 ಡಿಗ್ರಿ ಒಳ್ಳೆಯ ಗುರಿ. ಚಕ್ರ ತಿರುಗಿದಾಗ ಹೊರಬದಿಗೆ ಹೆಚ್ಚುವರಿ ನೆಗೆಟಿವ್ ಕ್ಯಾಂಬರ್ ಸಿಗುವ ಲಾಭವೂ ಇದೆ. ಬೆಲೆ ಎಂದರೆ ಸ್ಟಿಯರಿಂಗ್ ಭಾರ.

ಗುಂಡಿ, ಹಂಪ್ ಮೇಲೆ ಮಾತ್ರ ತಿರುಗಿದರೆ ಬಂಪ್ ಸ್ಟಿಯರ್. ತಗ್ಗಿಸಿದ ಗಾಡಿಯಲ್ಲಿ ಟೈ ರಾಡ್ ಮತ್ತು ಲೋವರ್ ಆರ್ಮ್‌ನ ಕೋನ ಹೊಂದದೆ ಬರುವ ತೊಂದರೆ ಇದು. ಟೋ ಎಷ್ಟು ಹಾಕಿದರೂ ಹೋಗುವುದಿಲ್ಲ, ಎತ್ತರವನ್ನೇ ಸರಿಪಡಿಸಬೇಕು.

ಟೈರ್ ತಿನ್ನುತ್ತಿದೆ, ನೇರ ಬ್ರೇಕ್‌ನಲ್ಲಿ ಮುಂದಿನ ಚಕ್ರ ಬೇಗ ಕಚ್ಚಿಕೊಳ್ಳುತ್ತದೆ

ಒಳ ಅಂಚು ನಯವಾಗಿ ಸವೆದು, ಬ್ರೇಕ್ ಹಿಡಿದಾಗ ಬೇಗ ಲಾಕ್ ಆದರೆ ನೆಗೆಟಿವ್ ಕ್ಯಾಂಬರ್ ಅತಿಯಾಗಿದೆ. ಸವೆತದಲ್ಲಿ ಗರಗಸದ ಹಲ್ಲಿನಂಥ ಅಂಚುಗಳಿದ್ದರೆ ಟೋ. ಟೈರ್ ಮೇಲೆ ಅಂಗೈ ಅಡ್ಡಡ್ಡ ಸವರಿ, ತಂತಿ ಎದ್ದಿಲ್ಲವೆಂದು ಕಣ್ಣಲ್ಲಿ ನೋಡಿಕೊಂಡ ಮೇಲೆ. ಒಳಗಿನಿಂದ ಹೊರಕ್ಕೆ ಸವರುವಾಗ ಕೈಗೆ ಕಚ್ಚಿದರೆ ಟೋ-ಇನ್ ಹೆಚ್ಚು, ಹೊರಗಿನಿಂದ ಒಳಕ್ಕೆ ಸವರುವಾಗ ಕಚ್ಚಿದರೆ ಟೋ-ಔಟ್ ಹೆಚ್ಚು.

ದಾರ ಕಟ್ಟಿ ಅಳೆಯುವುದು

ದುಬಾರಿ ಯಂತ್ರವಿಲ್ಲದೆ ಅರ್ಧ ಮಿ.ಮೀ.ವರೆಗೆ ನಂಬಬಹುದಾದ ವಿಧಾನ ಇದು. ಬೇಕಾದದ್ದು ನಾಲ್ಕು ಜ್ಯಾಕ್ ಸ್ಟ್ಯಾಂಡ್, ಎರಡು ನೇರ ಪೈಪ್, ಗಾಳದ ನೈಲಾನ್ ದಾರ, ಸ್ಟೀಲ್ ಸ್ಕೇಲ್, ಮೇಸ್ತ್ರಿಯ ತೂಗುಗುಂಡು ಮತ್ತು ನೀರು ತುಂಬಿದ ಲೆವೆಲ್ ಪೈಪ್.

ನಾಲ್ಕು ಚಕ್ರ ನಿಲ್ಲುವ ಜಾಗ ಒಂದೇ ಮಟ್ಟದಲ್ಲಿದೆಯೇ ಎಂದು ಲೆವೆಲ್ ಪೈಪ್‌ನಿಂದ ನೋಡಿ, ತಗ್ಗಿದ್ದಲ್ಲಿ ತೆಳು ಹಲಗೆ ಕೊಡಿ. ಮುಂದಿನ ಚಕ್ರದಡಿ ನಯ ಮುಖಗಳ ನಡುವೆ ಗ್ರೀಸ್ ಹಚ್ಚಿದ ಎರಡೆರಡು ನೆಲದ ಟೈಲ್ಸ್ ಇಡಿ, ಚಕ್ರ ಸಲೀಸಾಗಿ ಸರಿಯುತ್ತದೆ. ಚಾಲಕರ ತೂಕದಷ್ಟು ಮರಳಿನ ಚೀಲ ಸೀಟಿನಲ್ಲಿರಲಿ, ಪೆಟ್ರೋಲ್ ಓಟದ ದಿನದಷ್ಟೇ ಇರಲಿ. ಗಾಡಿಯನ್ನು ಮುಂದೆ ಮತ್ತು ಹಿಂದೆ ಕುಲುಕಿ ಕೂರಿಸಿ, ಸ್ಟಿಯರಿಂಗ್ ನೇರ ಕಟ್ಟಿ.

ಗಾಡಿಯ ಮುಂದೆ ಎರಡು, ಹಿಂದೆ ಎರಡು ಸ್ಟ್ಯಾಂಡ್ ಇಟ್ಟು, ಅವುಗಳ ಮೇಲೆ ಒಂದೊಂದು ಪೈಪ್ ಅಡ್ಡ ಕೂರಿಸಿ, ಪೈಪ್‌ನಿಂದ ಪೈಪ್‌ಗೆ ಎರಡೂ ಪಕ್ಕ ಹಬ್‌ನ (ಚಕ್ರದ ನಡುಭಾಗದ) ಎತ್ತರದಲ್ಲಿ ದಾರ ಎಳೆಯಿರಿ. ದಾರದಿಂದ ಹಬ್ ನಡುವಿಗೆ ಇರುವ ಅಂತರ ಎಡಕ್ಕೂ ಬಲಕ್ಕೂ ಮುಂದೆ ಒಂದೇ, ಹಿಂದೆ ಒಂದೇ ಆಗಬೇಕು. ಮುಂದಿನ ಚಕ್ರಗಳ ನಡುವಿನ ಅಗಲ ಹಿಂದಿನದಕ್ಕಿಂತ 20 ಮಿ.ಮೀ. ಹೆಚ್ಚಿದ್ದರೆ, ಹಿಂದಿನ ಹಬ್‌ನಿಂದ ದಾರಕ್ಕೆ ಪ್ರತಿ ಕಡೆ 10 ಮಿ.ಮೀ. ಹೆಚ್ಚು ಅಂತರ ಇರಬೇಕು. ಇದನ್ನು ಮರೆತರೆ ಮುಂದಿನ ಎಲ್ಲ ಅಳತೆಯೂ ಸುಳ್ಳು.

ಈಗ ರಿಮ್‌ನ ಮುಂದಿನ ಅಂಚು, ಹಿಂದಿನ ಅಂಚು ಎರಡರಿಂದಲೂ ದಾರಕ್ಕೆ ಅಳೆಯಿರಿ. ಮುಂದಿನ ಅಂಚು ದಾರದಿಂದ ಹೆಚ್ಚು ದೂರವಿದ್ದರೆ ಆ ಚಕ್ರ ಟೋ-ಇನ್. ಸುಮಾರು 400 ಮಿ.ಮೀ. ವ್ಯಾಸದ ರಿಮ್‌ನಲ್ಲಿ 1 ಮಿ.ಮೀ. ವ್ಯತ್ಯಾಸವೆಂದರೆ 0.14 ಡಿಗ್ರಿ. ಕ್ಯಾಂಬರ್‌ಗೆ ತೂಗುಗುಂಡು ಇಳಿಬಿಟ್ಟು ರಿಮ್‌ನ ಮೇಲಂಚು, ಕೆಳ ಅಂಚು ಅಳೆಯಿರಿ. ಅದೇ ರಿಮ್‌ನಲ್ಲಿ ಮೇಲಂಚು 7 ಮಿ.ಮೀ. ಒಳಗಿದ್ದರೆ ಮೈನಸ್ 1 ಡಿಗ್ರಿ.

ಬದಲಿಸುವ ಕ್ರಮ

ಎತ್ತರ, ಕ್ಯಾಸ್ಟರ್, ಕ್ಯಾಂಬರ್, ಹಿಂದಿನ ಟೋ, ಕೊನೆಗೆ ಮುಂದಿನ ಟೋ. ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗಿಯೇ ತೀರುತ್ತದೆ, ಅದಕ್ಕೇ ಟೋ ಕೊನೆಗೆ. ಟೈ ರಾಡ್ ಮತ್ತು ಲಾಕ್ ನಟ್ ಮೇಲೆ ಬಣ್ಣದ ಗುರುತು ಹಾಕಿ, ಎರಡೂ ಕಡೆ ಸಮವಾಗಿ ಕಾಲು ಸುತ್ತು ಮಾತ್ರ ತಿರುಗಿಸಿ. ಹಲವು ಸಣ್ಣ ಕಾರುಗಳಲ್ಲಿ ಕಾಲು ಸುತ್ತಿಗೆ ಒಂದು ಚಕ್ರದಲ್ಲಿ ಸುಮಾರು 1 ಮಿ.ಮೀ. ಬದಲಾಗುತ್ತದೆ, ನಿಮ್ಮ ಗಾಡಿಯದನ್ನು ಅಳೆದು ಬರೆದಿಟ್ಟುಕೊಳ್ಳಿ. ಟೈ ರಾಡ್ ಆಕ್ಸಲ್ ಗೆರೆಯ ಹಿಂದಿದ್ದರೆ ಉದ್ದ ಮಾಡಿದಾಗ ಟೋ-ಇನ್, ಮುಂದಿದ್ದರೆ ಟೋ-ಔಟ್. ಪ್ರತಿ ಬದಲಾವಣೆಯ ನಂತರ ಗಾಡಿ ಕುಲುಕಿ ಮತ್ತೆ ಅಳೆಯಿರಿ. ಒಂದು ಓಟಕ್ಕೆ ಒಂದೇ ಬದಲಾವಣೆ. ಗಾಳಿ, ಟೋ, ಕ್ಯಾಂಬರ್ ಮೂರನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಜೀವದ ಎಚ್ಚರ

ಜ್ಯಾಕ್ ಮೇಲೆ ಮಾತ್ರ ನಿಂತ ಗಾಡಿಯಡಿ ಹೋಗಬೇಡಿ. ಇಟ್ಟಿಗೆ, ಸೈಜುಗಲ್ಲು, ಸಿಮೆಂಟ್ ಬ್ಲಾಕ್ ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತವೆ. ಸ್ಟ್ಯಾಂಡೇ ಬೇಕು, ನೆಲದಲ್ಲಿರುವ ಚಕ್ರಕ್ಕೆ ಅಡ್ಡಗಟ್ಟೆ ಬೇಕು. ಬಿಚ್ಚಿದ ಸ್ಪ್ಲಿಟ್ ಪಿನ್, ನೈಲಾಕ್ ನಟ್ ಮತ್ತೆ ಬಳಸಬೇಡಿ. ವೀಲ್ ನಟ್ ಬಿಗಿಯನ್ನು ಗಾಡಿಯ ಪುಸ್ತಕದಲ್ಲಿರುವ ಅಳತೆಗೆ ಟಾರ್ಕ್ ರೆಂಚ್‌ನಲ್ಲಿ ನೋಡಿ, ಮೊದಲ ಓಟದ ನಂತರ ಇನ್ನೊಮ್ಮೆ ನೋಡಿ.

ಪರೀಕ್ಷೆಗೆ ರಿಂಗ್ ರೋಡ್, ಬೆಂಗಳೂರು ಹೆದ್ದಾರಿ ಬೇಡ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲಂತೂ ಬೇಡವೇ ಬೇಡ. ಟೋ-ಔಟ್ ಇಟ್ಟ ಗಾಡಿ ಅಲ್ಲಿ ಒಂದು ಗುಂಡಿಗೆ ದಿಕ್ಕು ತಪ್ಪಿದರೆ ಪಕ್ಕದಲ್ಲಿರುವುದು ನೀರು. ರೇಸ್ ಸೆಟ್ಟಿಂಗ್ ಇರುವ ಗಾಡಿ ಟ್ರ್ಯಾಕ್‌ವರೆಗೆ ಟ್ರೈಲರ್‌ನಲ್ಲೇ ಹೋಗಲಿ.

ಕೈ ಬಿಟ್ಟು ತಿಳಿದವರ ಬಳಿ ಹೋಗಬೇಕಾದಾಗ

ಎಡ ಮತ್ತು ಬಲದ ವೀಲ್‌ಬೇಸ್, ಅಂದರೆ ಮುಂದಿನ ಹಬ್‌ನಿಂದ ಹಿಂದಿನ ಹಬ್‌ಗೆ ಇರುವ ಉದ್ದ, 5 ಮಿ.ಮೀ.ಗಿಂತ ಹೆಚ್ಚು ಬೇರೆಯಾಗಿದ್ದರೆ. ಹೊಂದಿಸಿದ ಟೋ ಒಂದೇ ಓಟಕ್ಕೆ ಬದಲಾದರೆ. ಟೈ ರಾಡ್ ಎಂಡ್‌ನಲ್ಲಿ ಉಳಿದ ಥ್ರೆಡ್ ರಾಡ್‌ನ ದಪ್ಪದಷ್ಟೂ ಒಳಗಿಲ್ಲದಿದ್ದರೆ. ಸ್ಟ್ರಟ್ ಟವರ್ ಬಳಿ ಬಣ್ಣ ಬಿರಿದಿದ್ದರೆ ಅಥವಾ ವೆಲ್ಡ್ ಬಿಟ್ಟಿದ್ದರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಕಂಪ್ಯೂಟರ್ ಅಲೈನ್‌ಮೆಂಟ್ ಅಂಗಡಿಯಲ್ಲಿ ಕ್ಯಾಂಬರ್ ಜೊತೆ ಎಸ್‌ಎಐ ಕೋನವನ್ನೂ ತೆಗೆಸಿ; ಎದುರಿನಿಂದ ನೋಡಿದಾಗ ಚಕ್ರ ತಿರುಗುವ ಕೀಲಿನ ಗೆರೆ ಒಳಕ್ಕೆ ಎಷ್ಟು ವಾಲಿದೆ ಎಂಬುದು ಅದು. ಎಡಬಲ ಎಸ್‌ಎಐ ಒಂದೇ ಇದ್ದು ಕ್ಯಾಂಬರ್ ಮಾತ್ರ ಬೇರೆ ಬಂದರೆ, ಕ್ಯಾಂಬರ್ ಬೋಲ್ಟ್ ಎಡಬಲ ಸಮ ಇದೆಯೆಂದು ಖಚಿತಪಡಿಸಿಕೊಂಡ ಮೇಲೆ, ಸ್ಟ್ರಟ್ ಅಥವಾ ನಕಲ್ (ಹಬ್ ಕೂರುವ, ಸ್ಟಿಯರಿಂಗ್ ಜೊತೆ ತಿರುಗುವ ಲೋಹದ ಭಾಗ) ಬಗ್ಗಿದೆ ಎನ್ನಬಹುದು. ಎಸ್‌ಎಐ ಕೂಡ ಬೇರೆಯಾಗಿದ್ದು, ಎರಡನ್ನೂ ಕೂಡಿದಾಗ ಮೊತ್ತ ಎಡಬಲ ಒಂದೇ ಬಂದರೆ ಸಬ್‌ಫ್ರೇಮ್ ಸರಿದಿದೆ ಅಥವಾ ಸ್ಟ್ರಟ್ ಟವರ್ ಜರುಗಿದೆ. ಅದು ಬಾಡಿ ಜಿಗ್ (ಗಾಡಿಯ ಬಾಡಿಯನ್ನು ಅಳೆದು ನೇರ ಮಾಡುವ ಚೌಕಟ್ಟು) ಇರುವವರ ಕೆಲಸ. ಯಂತ್ರದ ಹಸಿರು ಬಣ್ಣ ಕಂಪನಿಯ ರಸ್ತೆ ಅಳತೆಗೆ ಹೊಂದಿಕೊಂಡಿರುತ್ತದೆ. ನಿಮಗೆ ಬೇಕಾದ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಡಿ, ಮರಳಿನ ಚೀಲವನ್ನೂ ಸೀಟಿನಲ್ಲೇ ಇಟ್ಟುಕೊಂಡು ಹೋಗಿ, ಕೆಲಸಕ್ಕೆ ಮುಂಚಿನ ಮತ್ತು ನಂತರದ ಎರಡೂ ಪ್ರಿಂಟ್ ಕೇಳಿ ಪಡೆಯಿರಿ.